ಕಾಣೆಯಾದ ನಡುಪದರ

ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 9.20. ಲೂಚುವಾನ್ ಪೊಲೀಸ್ ಠಾಣೆಯ ಮೇಜಿನ ಮೇಲೆ ಒಬ್ಬ ಹೆಂಗಸು ಬಟ್ಟೆ ನೆನೆಸುವ ಪ್ಲಾಸ್ಟಿಕ್ ಬೇಸಿನ್ ತಂದು ಕುಕ್ಕಿದಳು. ನೀರು ತುಳುಕಿ ಹೆಡ್ ಕಾನ್‌ಸ್ಟೆಬಲ್ ಮೋವ್ ಯಾನ್ ಬರೆಯುತ್ತಿದ್ದ ದೂರು ಪುಸ್ತಕ ಒದ್ದೆಯಾಯಿತು.

“ಏನಮ್ಮ ಇದು? ಠಾಣೆನಾ, ಲಾಂಡ್ರಿನಾ?” ಮೋವ್ ಯಾನ್ ಸೆರಗಿಲ್ಲದ ಸಮವಸ್ತ್ರದ ತೋಳಿನಿಂದಲೇ ಪುಟ ಒರೆಸಿದಳು.

“ಕೈ ಹಾಕಿ ನೋಡಿ. ನನ್ನ ತಮ್ಮನ್ನ ತಿಂದಿದ್ದು ಇದೇ.”

ಬೇಸಿನ್ನಿನ ತಳದಲ್ಲಿ ಬೂದು ಬಣ್ಣದ ರಾಡಿ. ಅದರ ನಡುವೆ ಕಿತ್ತಳೆ ಹಣ್ಣಿನ ಗಾತ್ರದ ಒಂದು ಚೆಂಡು. ಒಂದು ಮಗ್ಗುಲಲ್ಲಿ ಸಿಪ್ಪೆ ಗೀರಿಹೋಗಿ ತೂತು ಬಿದ್ದಿತ್ತು, ಒಳಗೆ ಹುಳ ತಿಂದ ಕಾಯಿಯಂತೆ ಟೊಳ್ಳು. ಇನ್ನೂ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು.

ಗದ್ದಲ ಕೇಳಿ ಒಳಗಿನಿಂದ ಇನ್ಸ್‌ಪೆಕ್ಟರ್ ಲುವಾನ್ ಡಿಂಗ್ ಚಹಾದ ಫ್ಲಾಸ್ಕ್ ಹಿಡಿದೇ ಬಂದ. ಐವತ್ತೊಂದರ ಆಸಾಮಿ. ಎಣ್ಣೆ ಬಾವಿಗಳ ಈ ಸೀಮೆಯಲ್ಲೇ ಹುಟ್ಟಿ ಬೆಳೆದವನು. ಚೆಂಡನ್ನು ನೋಡಿದೊಡನೆ ಅದು ಏನೆಂದು ಅವನಿಗೆ ಗೊತ್ತಾಯಿತು. ಆದರೂ ಮೊದಲಿನಿಂದ ಕೇಳಿದ.

“ನಿಮ್ಮ ಹೆಸರು?”

“ಚೀ ಯೂಫೆನ್. ಹಳೇ ಸಂತೆ ಹತ್ರ ಹಬೆ ರೊಟ್ಟಿ ಮಾರ್ತೀನಿ. ಹೋದ ಭಾನುವಾರಕ್ಕೆ ಮುಂಚಿನ ಭಾನುವಾರ ಹದಿನೇಳನೇ ಬಾವೀಲಿ ಸತ್ತನಲ್ಲ, ಚೀ ಹಾಯ್‌ಟಾವ್, ಅವನ ಅಕ್ಕ.”

“ಈ ಚೆಂಡು ಎಲ್ಲಿ ಸಿಕ್ತು?”

“ಅವನ ಕೋಟಿನ ಜೇಬಲ್ಲಿ. ಆಸ್ಪತ್ರೆಯೋರು ಶನಿವಾರ ಕೋಟು ಕೊಟ್ರು. ರಕ್ತದ ಕಲೆ ಹೋಗ್ಲಿ ಅಂತ ನಿನ್ನೆ ಮಧ್ಯಾಹ್ನ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ನೆನೆಹಾಕ್ದೆ. ಜೇಬು ನೋಡೋ ಧೈರ್ಯ ಇರ್ಲಿಲ್ಲ ಸಾಹೇಬ್ರೇ. ಸಾಯಂಕಾಲ ನೋಡಿದ್ರೆ ನೊರೆನೋ ನೊರೆ. ಎತ್ತಿ ನೋಡ್ತೀನಿ, ಹಿಂಗಾಗಿದೆ.” ಆಕೆ ಮುಂಗೈಯಿಂದ ಮೂಗು ಒರೆಸಿಕೊಂಡಳು. “ನಮ್ಮ ಹಾಯ್‌ಟಾವ್ ಊಟಕ್ಕೆ ಕೂತ್ರೆ ಇದೇ ಕತೆ. ಚೆಂಡು ಬಾವಿ ಒಳಗೆ ಹೋಗಿ ಬಾಟ್ಲಿಗೆ ಬಿರಡೆ ಹಾಕ್ದಂಗೆ ಕೂರುತ್ತೆ, ಮೇಲಿಂದ ನೀರು ಒತ್ತಿದ್ರೆ ಬಂಡೆ ಸೀಳುತ್ತೆ, ಕೆಲಸ ಮುಗಿದ ಮೇಲೆ ಚೆಂಡು ತಾನೇ ಕರಗಿ ಹೋಗುತ್ತೆ ಅಂತ. ಸುಡೋ ಉಪ್ಪುನೀರಲ್ಲಿ ಆರು ಗಂಟೆ ತಡೀಬೇಕಂತೆ. ನಮ್ಮನೆ ಬೇಸಿನ್ನಲ್ಲೇ ತಡೀದೇ ಇರೋದು ಬಾವೀಲಿ ತಡೆಯುತ್ತಾ? ಹೇಳಿ.”

“ನಿಮ್ಮ ದೂರು ಏನು?”

ಯೂಫೆನ್ ಮಡಿಸಿದ ಕಾಗದ ತೆಗೆದಳು. ಅಪಘಾತದ ವಿಚಾರಣಾ ಸಮಿತಿ ಕಳಿಸಿದ ವರದಿಯ ಪ್ರತಿ. ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದಳು: ಮೃತನು ಸ್ವಂತ ಅಜಾಗರೂಕತೆಯಿಂದ ನಿಷೇಧಿತ ಜಾಗದಲ್ಲಿ ನಿಂತಿದ್ದೇ ಸಾವಿಗೆ ಏಕೈಕ ಕಾರಣ.

“ಹದಿನಾರು ವರ್ಷ ಕೆಲಸ ಮಾಡಿದೋನು. ಹೆಲ್ಮೆಟ್ ಪಟ್ಟಿ ಬಿಗೀದೆ ಬಾಗ್ಲು ದಾಟ್ತಿರಲಿಲ್ಲ. ಸತ್ತೋನಿಗೆ ಬಾಯಿಲ್ಲ ಅಂತ ಅವನ ತಲೆಗೇ ಕಟ್ಟಿದ್ದಾರೆ. ಬರ್ಕೊಳ್ಳಿ. ಬರ್ಕೊಳ್ಳೋವರೆಗೂ ನಾನು ಏಳಲ್ಲ.”

ಲುವಾನ್ ವರದಿ ಓದಿದ. ಎರಡೇ ಪುಟ. ಸಮಿತಿ ಅಕ್ಟೋಬರ್ 8ರಂದು ಮಧ್ಯಾಹ್ನ ಎರಡಕ್ಕೆ ಸೇರಿತ್ತು, ನಾಲ್ಕೂವರೆಗೆ ಸಹಿ ಹಾಕಿತ್ತು. ಒಬ್ಬ ಮನುಷ್ಯನ ಸಾವಿಗೆ ಎರಡೂವರೆ ಗಂಟೆ. ಐವರು ಸದಸ್ಯರಲ್ಲಿ ಮೂರನೆಯ ಹೆಸರು: ಟಾನ್ ಲೀಮಿಂಗ್, ಮುಖ್ಯ ವಿನ್ಯಾಸಕಾರ, ಚೆಂಡು ತಯಾರಿಸಿದ ಕಾರ್ಖಾನೆ.

“ಕುರಿ ಲೆಕ್ಕ ಹಾಕೋಕೆ ತೋಳನ್ನೇ ಕೂರಿಸಿದ್ದಾರಲ್ಲ ಸಾರ್,” ಹೆಗಲ ಮೇಲಿಂದ ಓದುತ್ತಿದ್ದ ಮೋವ್ ಯಾನ್ ಅಂದಳು.

“ದೂರು ಬರ್ಕೋ,” ಅಂದ ಲುವಾನ್. 9.55ಕ್ಕೆ ಪ್ರಕರಣ ದಾಖಲಾಯಿತು. ಬೇಸಿನ್, ಕೋಟು, ಚೆಂಡಿನ ಉಳಿಕೆ, ಮೂರಕ್ಕೂ ಪಂಚನಾಮೆ ಆಯಿತು.

ಹತ್ತೂಕಾಲಿಗೆ ಜಿಲ್ಲಾ ಕಚೇರಿಯ ಮೇಲಧಿಕಾರಿಯ ಫೋನು. “ಲುವಾನ್, ಸಮಿತಿ ತೀರ್ಮಾನ ಕೊಟ್ಟಾಗಿದೆ. ನೀನ್ಯಾಕೆ ತಣ್ಣಗಿರೋ ಬೂದಿ ಕೆದಕ್ತೀಯ?”

“ತಣ್ಣಗಿಲ್ಲ ಸಾರ್. ಇನ್ನೂ ಗುಳ್ಳೆ ಬರ್ತಿದೆ.”

“ಏನು?”

“ದೂರು ದಾಖಲಾಗಿದೆ ಸಾರ್. ಮುಚ್ಚಬೇಕು ಅಂದ್ರೆ ಕಾಗದದ ಮೇಲೆ ಬರೆದು ಕಳಿಸಿ, ಕಡತಕ್ಕೆ ಲಗತ್ತಿಸ್ತೀನಿ.”

ಆ ಕಾಗದ ಕೊನೆಗೂ ಬರಲಿಲ್ಲ.

*

ಮಧ್ಯಾಹ್ನ 12.40ಕ್ಕೆ ಹದಿನೇಳನೇ ಬಾವಿ. ಸುತ್ತ ಜೊಂಡು ಬೆಳ್ಳಗೆ ಹೂ ಬಿಟ್ಟಿತ್ತು. ಸಮುದ್ರದ ಕಡೆಯಿಂದ ಉಪ್ಪು ಗಾಳಿ. ದೂರದಲ್ಲಿ ಹಳೆಯ ಬಾವಿಗಳ ಪಂಪುಗಳು ಎಂದಿನಂತೆ ತಲೆಬಾಗಿ ನಮಸ್ಕಾರ ಹಾಕುತ್ತಿದ್ದವು. ಇಲ್ಲಿ ಮಾತ್ರ ಕೆಲಸ ನಿಂತಿತ್ತು. ನೆಲದ ಮೇಲೆ ಒಂದಾಳುದ್ದದ ಕಬ್ಬಿಣದ ಕೊಳವೆ ಬಿದ್ದಿತ್ತು, ಕತ್ತಿನ ಬಳಿ ಬಿಚ್ಚಿಕೊಂಡಿತ್ತು. ಅದೇ ಹಾಯ್‌ಟಾವ್‌ನಿಗೆ ಬಡಿದಿದ್ದು.

ಮೇಸ್ತ್ರಿ ಗೆಂಗ್ ವೂ ಪೊಲೀಸರನ್ನು ನೋಡಿ ಅರ್ಧ ತಿಂದ ಈರುಳ್ಳಿ ಸುತ್ತಿದ ರೊಟ್ಟಿಯನ್ನು ಜೇಬಿಗೆ ತುರುಕಿದ.

“ಅವತ್ತು ಮೊದಲನೇ ಚೆಂಡು ಬಿಟ್ಟಿದ್ದು ಯಾವಾಗ?”

“ಹತ್ತು ಗಂಟೆ ಐದು ನಿಮಿಷಕ್ಕೆ.”

“ಎಷ್ಟು ಹೊತ್ತು ತಡೀತು?”

“ಅದು... ಸ್ವಲ್ಪ ಹೊತ್ತು.”

“ಒತ್ತಡದ ನಕ್ಷೆ ಕೊಡು.”

ನಿಯಂತ್ರಣ ಲಾರಿಯ ಯಂತ್ರದಿಂದ ಗೆಂಗ್ ವೂ ನಕ್ಷೆ ತೆಗೆದುಕೊಟ್ಟ. ಗೆರೆ ಗೋಡೆಯಂತೆ ನೆಟ್ಟಗೆ ಏರಿ ನಲವತ್ತೈದು ನಿಮಿಷ ನಿಂತಿತ್ತು. 10.50ಕ್ಕೆ ಬಂಡೆಯಿಂದ ಕಾಲು ಜಾರಿದಂತೆ ಬಿದ್ದಿತ್ತು. 11.10ಕ್ಕೆ ಎರಡನೇ ಚೆಂಡು. 11.40ಕ್ಕೆ ಮತ್ತೆ ಕುಸಿತ, ಈ ಸಲ ಇನ್ನೂ ಕಡಿದಾಗಿ.

“ಚೆಂಡು ಒಂದೇ ಏಟಿಗೆ ಒಡೆದ್ರೆ ಮೇಲಿನ ಕೊಳವೆಗೆ ಏನಾಗುತ್ತೆ?”

ಗೆಂಗ್ ವೂ ನೆಲ ನೋಡಿದ. “ಜಾಡಿಸುತ್ತೆ.”

“ಆಗ ಕೊಳವೆ ಹತ್ರ ಯಾರಿರಬೇಕು?”

“ಯಾರೂ ಇರಬಾರದು.”

“ಹಾಯ್‌ಟಾವ್ ಯಾಕಿದ್ದ?”

ಗೆಂಗ್ ವೂ ಜೇಬಿನ ರೊಟ್ಟಿಯನ್ನು ಇನ್ನೂ ಒಳಕ್ಕೆ ತುರುಕಿದ. ಲುವಾನ್ ಲಾರಿಯೊಳಗೆ ಹತ್ತಿ ವಾಕಿಟಾಕಿಯ ಧ್ವನಿಮುದ್ರಿಕೆ ಹಾಕಲು ಹೇಳಿದ. ಸಮಿತಿ ಅದನ್ನು ಕೇಳಿಸಿಕೊಂಡಿತ್ತೇ ಎಂದು ಕೇಳಿದ್ದಕ್ಕೆ ಲಾರಿಯ ಆಪರೇಟರ್, “ಯಾರೂ ಹತ್ತಲೇ ಇಲ್ಲ ಸಾರ್, ಬಿಸಿಲು ಅಂತ ಕಾರಲ್ಲೇ ಕೂತಿದ್ರು,” ಅಂದ. ಗೊರಗೊರ ಸದ್ದಿನ ನಡುವೆ ಗೆಂಗ್ ವೂನದೇ ದನಿ ಕೇಳಿಸಿತು: “ಹಾಯ್‌ಟಾವ್, ಅಲ್ಲೇ ಇರು. ಮೂರನೇ ಚೆಂಡು ಜೇಬಲ್ಲಿ ಇಟ್ಕೊ. ಇದೂ ಕೈ ಕೊಟ್ರೆ ತಕ್ಷಣ ಹಾಕ್ಬೇಕು.” ಆಮೇಲೆ ಇನ್ನೊಂದು ದನಿ, ನಿಧಾನ: “ಅಣ್ಣ, ಹೊರಗೆ ಬರ್ತೀನಿ, ನಿಯಮ...” ಮತ್ತೆ ಗೆಂಗ್ ವೂ: “ನಿಯಮ ನನಗೆ ಕಲಿಸ್ಬೇಡ.”

ಮೋವ್ ಯಾನ್ ಬರೆಯುತ್ತಿದ್ದ ಪೆನ್ನಿನ ಒತ್ತಡಕ್ಕೆ ಕಾಗದ ಹರಿಯಿತು.

“ಸಮಿತಿ ಮುಂದೆ ಇದನ್ನ ಯಾಕೆ ಹೇಳಲಿಲ್ಲ?”

“ಟಾನ್ ಇಂಜಿನಿಯರ್ ಹೇಳಿದ್ರು ಸಾರ್...” ಗೆಂಗ್ ವೂ ಹೆಲ್ಮೆಟ್ ಕಳಚಿ ಕೈಯಲ್ಲಿ ಹಿಡಿದ. “ಚೆಂಡಿನ ವಿಷಯ ನೀನು ಎತ್ತಬೇಡ, ನಿನ್ನ ಆಜ್ಞೆ ವಿಷಯ ನಾನು ಎತ್ತಲ್ಲ ಅಂತ.”

ಗೆಂಗ್ ವೂನ ಹೇಳಿಕೆ ಮೂರು ಪುಟ ಆಯಿತು. ಅವನ ಮೇಲಿನ ಪ್ರಕರಣವನ್ನು ಪ್ರತ್ಯೇಕವಾಗಿ ನಡೆಸುವುದೆಂದು ಲುವಾನ್ ಕೆಳಗೆ ಬರೆದ.

*

ಅಕ್ಟೋಬರ್ 15, ಬೆಳಿಗ್ಗೆ 8.30. ಕಾರ್ಖಾನೆಯ ಸ್ವಾಗತ ಕೋಣೆಯಲ್ಲಿ ಟಾನ್ ಲೀಮಿಂಗ್ ತಾನೇ ಚಹಾ ಬಗ್ಗಿಸಿ ಕೊಟ್ಟ. ಮೂವತ್ತೆಂಟು ವರ್ಷ, ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು.

“ಪಾಪ, ಒಳ್ಳೇ ಕೆಲಸಗಾರ ಅಂತೆ. ನಮಗೂ ಬೇಜಾರಾಯ್ತು.”

“ಚೆಂಡಿನ ಪರೀಕ್ಷಾ ಪತ್ರ?”

ಟಾನ್ ಸಿದ್ಧವಾಗಿಟ್ಟಿದ್ದ ಕಡತ ಮುಂದೆ ತಳ್ಳಿದ. ಸೆಪ್ಟೆಂಬರ್ 2ರಿಂದ 6ರವರೆಗೆ ಹನ್ನೆರಡು ಪರೀಕ್ಷೆ. ತೊಂಬತ್ತು ಡಿಗ್ರಿ ಬಿಸಿಯ, ಮರಳು ಬೆರೆಸಿದ ಉಪ್ಪುನೀರು, ಪ್ರತಿಯೊಂದೂ ಆರು ಗಂಟೆ, ಹನ್ನೆರಡೂ ಪಾಸು. ಕೆಳಗೆ ಕೆಂಪು ಮುದ್ರೆ: ನಿಂಗ್ ಸೂಯುನ್.

“ನಿಂಗ್ ಸೂಯುನ್ ಯಾರು?”

“ನಮ್ಮ ಗುರುಗಳು. ಈ ಪದರದ ಚೆಂಡು ಅವರದ್ದೇ ವಿನ್ಯಾಸ. ಒಂಬತ್ತು ವರ್ಷ ಇದಕ್ಕೇ ತೇಯ್ದೋರು. ಈಗ ನಿವೃತ್ತಿ. ಸಲಹೆಗಾರರಾಗಿ ಬಂದು ಹೋಗ್ತಿರ್ತಾರೆ.”

“ತಪ್ಪಿದ್ರೆ ಅವರದ್ದು ಅಂತೀರಾ?”

“ಛೆ, ಗುರುಗಳ ಬಗ್ಗೆ ನಾನು ಹಂಗೆ ಹೇಳ್ತೀನಾ?” ಟಾನ್ ನಿಟ್ಟುಸಿರು ಬಿಟ್ಟ. “ವಯಸ್ಸಾಯ್ತು. ಕಣ್ಣೂ ಮೊದಲಿನಷ್ಟು ಕಾಣಲ್ಲ, ಪಾಪ.”

ಉಗ್ರಾಣದಲ್ಲಿ ಅದೇ ಕಂತಿನ ನಲವತ್ತೊಂದು ಚೆಂಡುಗಳು ಉಳಿದಿದ್ದವು. ಗುಪ್ತ ವಿನ್ಯಾಸ, ಹೊರಗೆ ಕೊಡಲಾಗದು ಎಂದು ಟಾನ್ ತಡೆಯಲು ನೋಡಿದ. ಕಾವಲುಗಾರ ಮತ್ತು ಕ್ಯಾಂಟೀನಿನ ಅಡುಗೆಯವನನ್ನು ಸಾಕ್ಷಿಗಳಾಗಿ ನಿಲ್ಲಿಸಿ ಲುವಾನ್ ಆರು ಚೆಂಡು ವಶಕ್ಕೆ ತೆಗೆದುಕೊಂಡ. 9.50ಕ್ಕೆ ಮೊಹರು ಬಿತ್ತು.

ಹನ್ನೊಂದು ಗಂಟೆಗೆ ಪಟ್ಟಣದ ಕೈಗಾರಿಕಾ ತರಬೇತಿ ಶಾಲೆಯ ಗರಗಸದ ಮುಂದೆ ನಿಂಗ್ ಸೂಯುನ್ ನಿಂತಿದ್ದರು. ಐವತ್ತೆಂಟರ ಕುಳ್ಳ ಹೆಂಗಸು. ಕನ್ನಡಕ ದಪ್ಪ, ಕೈ ಮಾತ್ರ ಅಲುಗದು. ಅವರನ್ನು ಮೋವ್ ಯಾನ್ ತರಕಾರಿ ಮಾರುಕಟ್ಟೆಯಿಂದಲೇ ಕರೆತಂದಿದ್ದಳು, ಚೀಲದಲ್ಲಿ ಎಲೆಕೋಸು ಇತ್ತು. ಮೊಹರು ಒಡೆದು ಒಂದು ಚೆಂಡನ್ನು ಅವರೆದುರೇ ಎರಡು ಹೋಳು ಮಾಡಿದರು.

ನಿಂಗ್ ಒಂದು ಹೋಳನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಅಂಚನ್ನು ಗೀರಿ ನೋಡಿದರು.

“ಮೇಡಂ?”

“ಇದು ನನ್ನ ಚೆಂಡಲ್ಲ.”

“ಬಿಡಿಸಿ ಹೇಳಿ. ನನಗೆ ಬರ್ಕೋಬೇಕು.”

“ಹೊರಗಿನ ಈ ಮೆತ್ತನೆ ಸಿಪ್ಪೆ ನೋಡಿ. ಇದು ಕೂತ ಜಾಗದಲ್ಲಿ ಅಂಟಿಕೊಂಡು ಸಂದು ಮುಚ್ಚುತ್ತೆ. ಒಳಗಿನ ಗುಂಡು ಬೇಗ ಕರಗೋ ಲೋಹ, ಉಪ್ಪುನೀರು ಮುಟ್ಟಿದ್ರೆ ಸಾಕು, ಸಕ್ಕರೆ ಅಚ್ಚು ಇದ್ದಂಗೆ. ಇವೆರಡರ ನಡುವೆ ಗಟ್ಟಿಯಾದ, ನಿಧಾನಕ್ಕೆ ಕರಗೋ ಇನ್ನೊಂದು ಪದರ ಇರಬೇಕು. ನೀರಿನ ಜೊತೆ ಮರಳು ಹೋಗುತ್ತೆ ಅಲ್ವಾ? ಆ ಮರಳು ಸಿಪ್ಪೇನ ಉಜ್ಜಿ ಗೀರುತ್ತೆ. ಗೀರಿದ ಕಡೆ ನಡುಪದರ ಎದೆ ಕೊಡಬೇಕು. ಅದಕ್ಕೇ ನಾಲ್ಕು ವರ್ಷ ಹಿಡೀತು ನನಗೆ. ಆ ಒಂದು ಪದರಕ್ಕೆ.” ದನಿ ಏರಿತು. “ಇಲ್ಲಿ ಅದೇ ಇಲ್ಲ. ಕಿತ್ತೇ ಹಾಕಿದ್ದಾರೆ. ಮೊಟ್ಟೆ ಚಿಪ್ಪನ್ನ ತೋರಿಸಿ ಬಂಡೆ ಅಂದಿದ್ದಾರೆ.”

ಲುವಾನ್ ಪರೀಕ್ಷಾ ಪತ್ರ ತೋರಿಸಿದ. ತಮ್ಮದೇ ಮುದ್ರೆ ನೋಡಿ ನಿಂಗ್ ಅವರ ಮುಖ ಕಪ್ಪಿಟ್ಟಿತು.

“ಜೂನ್ ಮೂವತ್ತಕ್ಕೆ ಬಿಟ್ಟು ಬಂದೆ. ಆಮೇಲೆ ಒಂದು ದಿನ ಆ ಗೇಟು ದಾಟಿಲ್ಲ. ಮುದ್ರೆ ಪರೀಕ್ಷಾ ಕೋಣೆ ಮೇಜಲ್ಲೇ ಉಳೀತು. ಕೇಳಿದ್ರೆ ಲೀಮಿಂಗ್, ಕಳಿಸ್ತೀನಿ ಗುರುಗಳೇ ಅಂದ.” ಹೋಳನ್ನು ಮೇಜಿನ ಮೇಲಿಟ್ಟರು. “ಒಬ್ಬ ಸತ್ತ ಅಂತ ಪೇಪರಲ್ಲಿ ಓದಿದ್ದೆ. ನನ್ನ ಮುದ್ರೆ ಹಾಕ್ಕೊಂಡು ಸತ್ತ ಅಂತ ಗೊತ್ತಿರಲಿಲ್ಲ.”

ಲುವಾನ್ ಪತ್ರವನ್ನು ಮತ್ತೆ ಕಡತಕ್ಕೆ ಸೇರಿಸಿದ. ಸತ್ತವನ ಮೇಲೆ ಒಂದು ಸುಳ್ಳು, ಬದುಕಿರುವವರ ಮೇಲೆ ಇನ್ನೊಂದು. ಎರಡನ್ನೂ ಹೊರಿಸಿದ ಮನುಷ್ಯ ಬೆಳಿಗ್ಗೆ ಎರಡು ಕೈಯಲ್ಲಿ ಚಹಾ ಕೊಟ್ಟಿದ್ದ.

*

ಅಕ್ಟೋಬರ್ 16. ಗೇಟು ದಾಟಿಲ್ಲ ಎಂಬ ನಿಂಗ್ ಅವರ ಮಾತನ್ನು ಮೊದಲು ಕಾವಲು ಪುಸ್ತಕದಿಂದ ಖಚಿತ ಮಾಡಿಕೊಂಡದ್ದಾಯಿತು. ಜುಲೈನಿಂದ ಈಚೆಗೆ ಅವರ ಹೆಸರೇ ಇರಲಿಲ್ಲ. ಆಮೇಲೆ ಲುವಾನ್ ಮತ್ತು ಮೋವ್ ಯಾನ್ ಪರೀಕ್ಷಾ ಕೋಣೆಗೆ ಹೋದರು. ಗಣಕದಲ್ಲಿದ್ದ ದಾಖಲೆಗಳೆಲ್ಲ ಪತ್ರಕ್ಕೆ ಸರಿಯಾಗಿ ಹೊಂದುತ್ತಿದ್ದವು. ಒಂದು ಅಂಕಿಯೂ ಆಚೀಚೆ ಇಲ್ಲ.

“ಇಷ್ಟು ಚೊಕ್ಕಟವಾಗಿ ನಮ್ಮ ಠಾಣೆ ಕಡತಾನೂ ಇಲ್ಲ ಸಾರ್,” ಅಂದಳು ಮೋವ್ ಯಾನ್.

ಲುವಾನ್ ನೀರು ಕಾಯಿಸುವ ದೊಡ್ಡ ಉಕ್ಕಿನ ಹಂಡೆಯ ಸುತ್ತ ಬಂದ. ಹಿಂಬದಿಯಲ್ಲಿ ಧೂಳು ಹಿಡಿದ ಸಣ್ಣ ಮೀಟರು. ಹಂಡೆ ಎಷ್ಟು ಗಂಟೆ ಓಡಿತೆಂದು ಎಣಿಸುವ ಹಳೆಯ ಕಾಲದ ಚಕ್ರಗಳು. ಯಾವ ತಂತಿಯೂ ಅದನ್ನು ಗಣಕಕ್ಕೆ ಜೋಡಿಸಿರಲಿಲ್ಲ.

“ಇದನ್ನ ಯಾರು ಓದ್ತಾರೆ?”

“ಎಣ್ಣೆ ಹಾಕೋಕೆ ಬಂದಾಗ ನಾನೇ ಬರ್ಕೊಳ್ತೀನಿ,” ಅಂದ ಜೊತೆಗಿದ್ದ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಜೇಬಿನಿಂದ ಜಿಡ್ಡು ಹಿಡಿದ ನೋಟ್‌ಬುಕ್ ತೆಗೆದ. ಆಗಸ್ಟ್ 30: 4118. ಸೆಪ್ಟೆಂಬರ್ 9: 4137.

ಮೋವ್ ಯಾನ್ ಬೆರಳು ಮಡಿಸಿದಳು. “ಹನ್ನೆರಡು ಪರೀಕ್ಷೆ, ಆರಾರು ಗಂಟೆ. ಎಪ್ಪತ್ತೆರಡು ಗಂಟೆ ಓಡಿರಬೇಕು. ಓಡಿರೋದು, ನೀರು ಕಾಯೋ ಹೊತ್ತೂ ಸೇರಿ, ಹತ್ತೊಂಬತ್ತು!”

ಅಷ್ಟಕ್ಕೇ ಅವಳು ಸುಮ್ಮನಾಗಲಿಲ್ಲ. ಉಗ್ರಾಣದ ಚೀಟಿಗಳನ್ನು ಒಂದೊಂದಾಗಿ ತಿರುವಿ, ಊಟದ ಹೊತ್ತು ಮೀರಿದ ಮೇಲೆ ಒಂದನ್ನು ಹಿಡಿದು ಬಂದಳು. ಸೆಪ್ಟೆಂಬರ್ 4: ಪರೀಕ್ಷೆಗೆ ಮರಳು, ಎರಡು ಚೀಲ, ಪಡೆದವರು ಟಾನ್ ಲೀಮಿಂಗ್.

“ಅಂದ್ರೆ ಮರಳು ಹಾಕಿ ನೋಡಿದ್ದಾನೆ,” ಅಂದ ಲುವಾನ್. “ನೋಡಿ, ಫೇಲಾಗಿದ್ದು ಗೊತ್ತಿದ್ದೇ ಕಳಿಸಿದ್ದಾನೆ.”

ಕಾವಲು ಪುಸ್ತಕವನ್ನು ಅವನು ಮತ್ತೊಮ್ಮೆ ತರಿಸಿದ. ಚೆಂಡುಗಳನ್ನು ಹೊತ್ತ ಲಾರಿ ಹೊರಟಿದ್ದು ಸೆಪ್ಟೆಂಬರ್ 12, ಮಧ್ಯಾಹ್ನ 1.55. ಅದೇ ಪುಟದಲ್ಲಿ, ನಾಲ್ಕು ಸಾಲಿನ ಕೆಳಗೆ: ಟಾನ್ ಲೀಮಿಂಗ್, ಸ್ವಂತ ಕಾರು, ಹೊರಗೆ 2.10, ಒಳಗೆ 3.05. ಕಾರಣದ ಕಾಲಂ ಖಾಲಿ.

ಲುವಾನ್ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ. ಲಾರಿ ಹೋದದ್ದು ಇಪ್ಪತ್ತಾರು ಕಿಲೋಮೀಟರ್ ದೂರದ ಡಿಪೋಗೆ. ಐವತ್ತೈದು ನಿಮಿಷದಲ್ಲಿ ಅಲ್ಲಿಗೆ ಹೋಗಿ, ಮಾತಾಡಿ, ಬರಲಾಗದು.

*

ಅಕ್ಟೋಬರ್ 17, ಗುರುವಾರ, ಬೆಳಿಗ್ಗೆ 10.00. ಟಾನ್‌ನನ್ನು ಠಾಣೆಗೆ ಕರೆಸಲಾಯಿತು. ಮೇಜಿನ ಮೇಲೆ ಚೆಂಡಿನ ಹೋಳು, ಮೀಟರಿನ ನೋಟ್‌ಬುಕ್, ಮರಳಿನ ಚೀಟಿ. ನಿಂಗ್ ಸೂಯುನ್ ಹೇಳಿಕೆಗೆ ಸಹಿ ಹಾಕಲು ಬಂದವರು ಬಾಗಿಲ ಬಳಿ ಕೂತಿದ್ದರು. ಅವರನ್ನು ಕಂಡು ಟಾನ್ ಎದ್ದು ನಿಂತ, ಅಭ್ಯಾಸಬಲ.

“ಕೂತ್ಕೊ,” ಅಂದ ಲುವಾನ್. “ಹಂಡೆ ಎಷ್ಟು ಗಂಟೆ ಓಡ್ತು?”

“ದಾಖಲೆಯಲ್ಲಿದೆಯಲ್ಲ.”

“ಹತ್ತೊಂಬತ್ತು. ಪರೀಕ್ಷೆ ಎಷ್ಟು ಮಾಡ್ದೆ?”

ಟಾನ್ ನೋಟ್‌ಬುಕ್ಕನ್ನೂ ಚೀಟಿಯನ್ನೂ ನೋಡಿದ. ನಯವಾದ ಮುಖ ನಿಧಾನಕ್ಕೆ ಸಡಿಲವಾಯಿತು.

“ನಾಲ್ಕು.”

“ಮರಳಿಲ್ದೆ ಎಷ್ಟು?”

“ಎರಡು. ಎರಡೂ ಆರು ಗಂಟೆ ತಡೀತು ಸಾರ್! ಲೆಕ್ಕ ಸರಿಯಾಗೇ ಇತ್ತು. ಎರಡೇ ಪದರ ಸಾಕು ಅಂತ ನಾನು...”

“ಮರಳು ಹಾಕಿದ ಮೇಲೆ?”

“ಒಂದು ಐವತ್ತು ನಿಮಿಷ. ಇನ್ನೊಂದು ಒಂದು ಗಂಟೆ ಹತ್ತು ನಿಮಿಷ.”

ಬಾಗಿಲ ಬಳಿಯಿಂದ ನಿಂಗ್ ಎದ್ದರು. “ಲೀಮಿಂಗ್, ಮರಳಿಲ್ಲದ ಬಾವಿ ಎಲ್ಲಿದೆಯೋ? ಹನ್ನೊಂದು ವರ್ಷ ನನ್ನ ಪಕ್ಕ ನಿಂತಿದ್ದೆ. ಒಂದು ಬಾವಿ ತೋರಿಸು ನೋಡೋಣ, ಒಂದೇ ಒಂದು!”

“ಮೇಡಂ, ದಯವಿಟ್ಟು,” ಅಂದಳು ಮೋವ್ ಯಾನ್, ಆದರೆ ತಡೆಯಲಿಲ್ಲ.

“ಮುದ್ರೆ ಕೇಳಿದ್ರೆ ನಾನೇ ಕೊಡ್ತಿದ್ದೆ, ಚೆಂಡು ಸರಿ ಇದ್ದಿದ್ರೆ. ಆ ಮನುಷ್ಯ ಸತ್ತ ಮೇಲಾದ್ರೂ ಬಾಯಿ ಬಿಡಬಾರದಿತ್ತಾ? ಅವನ ತಪ್ಪು ಅಂತ ಬರೆದು ಸಹಿ ಹಾಕಿದೆಯಲ್ಲೋ, ಯಾವ ಕೈಯಿಂದ ಹಾಕ್ದೆ?”

ನಿಂಗ್ ಅವರನ್ನು ಹೊರಗೆ ಕರೆದೊಯ್ದ ಮೇಲೆ ಲುವಾನ್ ಕಾವಲು ಪುಸ್ತಕದ ಪುಟ ಮುಂದಿಟ್ಟ.

“ಸೆಪ್ಟೆಂಬರ್ ಹನ್ನೆರಡು. ಎರಡು ಹತ್ತಕ್ಕೆ ಎಲ್ಲಿಗೆ ಹೋಗಿದ್ದೆ?”

ಟಾನ್ ಆ ಸಾಲನ್ನು ಎರಡು ಸಲ ಓದಿದ. ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು.

“ಲಾರಿ ಹಿಂದೆ,” ಅಂದ ಟಾನ್. “ವಾಪಸ್ ತರೋಣ ಅಂತ.”

“ಎಲ್ಲಿವರೆಗೆ ಹೋದೆ?”

“ಉಪ್ಪಿನ ಗದ್ದೆ ಸೇತುವೆವರೆಗೆ. ಅರ್ಧ ದಾರಿ.”

“ಯಾಕೆ ತಿರುಗಿದೆ?”

“ಅವತ್ತು ಬೆಳಿಗ್ಗೆ ಸಭೆ ಇತ್ತು ಸಾರ್. ಹೊಸ ಚೆಂಡು ಟಾನ್ ಲೀಮಿಂಗ್ ಅವರ ವಿನ್ಯಾಸ ಅಂತ ನಿರ್ದೇಶಕರು ಎಲ್ಲರ ಮುಂದೆ ಹೇಳಿದ್ರು. ಇನ್ನೂರು ಜನ ಚಪ್ಪಾಳೆ ಹೊಡೆದ್ರು.” ಅವನು ಅಂಗೈಗಳನ್ನು ನೋಡಿಕೊಂಡ. “ಹನ್ನೊಂದು ವರ್ಷ ನನ್ನನ್ನ ಯಾರಿಗೇ ಪರಿಚಯ ಮಾಡಿಸಿದ್ರೂ ನಿಂಗ್ ಗುರುಗಳ ಶಿಷ್ಯ ಅಂತಿದ್ರು. ಅವತ್ತು ಒಬ್ಬರೂ ಅನ್ನಲಿಲ್ಲ. ಸೇತುವೆ ಮೇಲೆ ಕಾರು ನಿಲ್ಲಿಸ್ಕೊಂಡು ಕೂತೆ. ಲಾರಿ ತಡೆದ್ರೆ, ವಾಪಸ್ ಹೋಗಿ ಆ ಇನ್ನೂರು ಜನಕ್ಕೆ ಏನು ಹೇಳ್ಲಿ ಅನ್ನಿಸ್ತು.”

“ಅದಾದ ಮೇಲೂ ಇಪ್ಪತ್ತನಾಲ್ಕು ದಿನ ಇತ್ತು. ಒಂದು ಫೋನು ಸಾಕಾಗಿತ್ತು.”

“ಬಳಸದೇನೂ ಇರಬಹುದು ಅಂದ್ಕೊಂಡೆ.”

“ಅವನು ಸತ್ತ. ಆಗ?”

“ಆಗ ಭಯ ಆಯ್ತು. ಪತ್ರ ಬದಲಾಯಿಸ್ದೆ. ನನ್ನ ಸಹಿ ತೆಗೆದು...”

“ಹೇಳು. ನಿನ್ನ ಸಹಿ ತೆಗೆದು?”

“ಗುರುಗಳ ಮುದ್ರೆ ಒತ್ತಿದೆ.”

ಲುವಾನ್ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವನು ಕೈ ಎತ್ತಿದವನಲ್ಲ. ಆ ಕ್ಷಣ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಮುಷ್ಟಿ ಕಟ್ಟಿ ಇಟ್ಟುಕೊಳ್ಳಬೇಕಾಯಿತು. ಹೆಸರು ಬರುವಾಗ ತನ್ನದು, ಹೆಣ ಬಿದ್ದಾಗ ಗುರುವಿನದು.

11.25ಕ್ಕೆ ಬಂಧನದ ಮಹಜರು ಬರೆದರು: ಅಪಾಯಕಾರಿ ಎಂದು ತಿಳಿದೂ ಸರಕು ಪೂರೈಸಿದ್ದು, ಸುಳ್ಳು ಪರೀಕ್ಷಾ ಪತ್ರ, ಅದರಿಂದ ಒಬ್ಬನ ಸಾವು, ಸಾಕ್ಷ್ಯ ತಿರುಚಿದ್ದು. ಟಾನ್ ಓದಿ ಸಹಿ ಹಾಕಿದ. ಮೋವ್ ಯಾನ್ ಬೇಡಿ ಹಾಕಿದಳು. ಸಮಿತಿಯ ಉಳಿದ ನಾಲ್ವರಿಗೆ ಹಾಜರಾಗಲು ಅದೇ ದಿನ ನೋಟಿಸು ಹೋಯಿತು.

ಸಂಜೆ ಲುವಾನ್ ಕಡತ ಪೂರ್ತಿ ಮಾಡಲು ಕೂತ. ಅಪರಾಧದ ಪ್ರೇರಣೆ ಎಂಬ ಕಾಲಮಿನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಪದ ಬರೆಯುತ್ತಾರೆ: ದುರಾಸೆ, ದ್ವೇಷ, ಕುಡಿತ. ಅವನು ಪೆನ್ನು ಹಿಡಿದು ಒಂದಷ್ಟು ಹೊತ್ತು ಯೋಚಿಸಿ, ಕೊನೆಗೆ ಹೀಗೆ ಬರೆದ:

ಆರೋಪಿಗೆ ತಪ್ಪು ತಿಳಿದಿತ್ತು. ಸರಿಪಡಿಸಲು ಹದಿಮೂರು ಕಿಲೋಮೀಟರ್ ಹೋಗಿದ್ದ. ಚಪ್ಪಾಳೆ ನೆನಪಾಗಿ ಹಿಂದಿರುಗಿದ.